ಒಲೆಯವರೆಗೆ ಬಂದ ಗೆಳತಿ

ಬಿಳಿ ಬಯಲಿನ ನಡುವೆ ಒಂದು ಊರಿತ್ತು. ಆ ಊರಿನಲ್ಲಿ ಯಾವ ಮನೆಯ ಒಲೆಯೂ ಆರಬಾರದು. ಅಡುಗೆ ಮುಗಿದ ಮೇಲೆ ಕೆಂಡವನ್ನು ಬೂದಿಯೊಳಗೆ ಮುಚ್ಚಿಟ್ಟು, ಬೆಳಗ್ಗೆ ಊದಿ ಎಬ್ಬಿಸುತ್ತಿದ್ದರು. ಮನೆಯಲ್ಲಿ ಮಗು ಹುಟ್ಟಿದರೂ ಬೆಂಕಿ ಇರಬೇಕು, ಹೆಣ ಎತ್ತುವಾಗಲೂ ಬೆಂಕಿ ಇರಬೇಕು. ಒಲೆ ಆರಿತೆಂದರೆ ಆ ಮನೆಯವರು ಹೊತ್ತು ಮುಳುಗುವುದರೊಳಗೆ ಉಟ್ಟ ಬಟ್ಟೆಯಲ್ಲಿ ಊರು ಬಿಡಬೇಕು. ಬಿಳಿ ಬಯಲಿಗೆ ಮರದ ನೆರಳಿಲ್ಲ, ನೀರಿಲ್ಲ. ಅದರ ಆಚೆ ದಡ ಮುಟ್ಟಿದವರು ಕಡಿಮೆ.

ಆ ಊರಿನವರು ಸೇಡು ತೀರಿಸಿಕೊಳ್ಳುತ್ತಿದ್ದುದು ವೈರಿಯ ಒಲೆಗೆ ನೀರು ಸುರಿದು. ಆದರೆ ಸುರಿಯುವ ಹಕ್ಕು ಗೆಳೆಯರಿಗೆ ಮಾತ್ರ ಇತ್ತು. ಗೆಳೆತನವಿಲ್ಲದವರು ಸುರಿದರೆ ಅದು ಕಳ್ಳತನ. ಸುರಿದವರನ್ನೇ ಬಯಲಿಗೆ ಅಟ್ಟಿ, ಮನೆಯವರಿಗೆ ಹೊಸ ಕೆಂಡ ಕೊಡುತ್ತಿದ್ದರು. ಗೆಳತಿ ಸುರಿದರೆ ಅದು ನ್ಯಾಯ, ಮನೆಯವರೇ ಹೋಗಬೇಕು. ಇದನ್ನು ತೀರ್ಮಾನಿಸುವವಳು ಕೆಂಡದಜ್ಜಿ. ಹೊಸದಾಗಿ ಮದುವೆಯಾದವರ ಮನೆಗೆ ಮೊದಲ ಕೆಂಡ ಕೊಡುವವಳೂ ಅವಳೇ. ಅವಳು ಆರಿದ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ನೀರು ಸುರಿದವಳ ಓರಗೆಯವರೊಬ್ಬರನ್ನು ಮನೆಯವರಲ್ಲಿ ಕರೆದು, ಸುರಿದವಳನ್ನು ತೋರಿಸಿ ಒಂದೇ ಮಾತು ಕೇಳುತ್ತಿದ್ದಳು. ಇವಳು ನಿನಗೆ ಯಾರು?

ದೊಡ್ಡವರು, ಯಾರೂ ಅಲ್ಲ, ಎಂದು ಹೇಳಿ ಉಳಿದುಕೊಳ್ಳುತ್ತಿದ್ದರು. ಮಕ್ಕಳಿಗೆ ಹಾಗೆ ಹೇಳಲು ಬರುತ್ತಿರಲಿಲ್ಲ. ಆದ್ದರಿಂದ ಆ ಊರಿನ ಸೇಡೆಲ್ಲ ಮಕ್ಕಳ ಕೈಯಿಂದಲೇ ನಡೆಯುತ್ತಿತ್ತು. ಒಳಗೆ ಹಗೆ ಇದ್ದ ಮನೆಯ ತಾಯಿ ತನ್ನ ಮಗುವಿಗೆ ಗೆಳೆತನ ಕಲಿಸುತ್ತಿದ್ದಳು. ಎಷ್ಟು ದೊಡ್ಡ ಹಗೆಯೋ ಅಷ್ಟು ಚೆನ್ನಾಗಿ ಕಲಿಸುತ್ತಿದ್ದಳು.

ಆ ಊರಿನಲ್ಲಿ ಮಗ್ಗದ ಮನೆಯವಳೊಬ್ಬಳಿದ್ದಳು. ಅವಳ ಗಂಡ ತೀರಿಕೊಂಡಿದ್ದ, ಮಾಳಿ ಎಂಬ ಮಗಳಿದ್ದಳು. ಮಗ್ಗದವಳು ಹುಟ್ಟಿದ್ದೂ ಅದೇ ಊರಿನಲ್ಲಿ. ಚಿಕ್ಕವಳಿದ್ದಾಗ ಅವಳಿಗೆ ಒಬ್ಬ ಗೆಳತಿ ಇದ್ದಳು. ಇಬ್ಬರೂ ಒಂದೇ ಎಲೆಯಲ್ಲಿ ಉಣ್ಣುತ್ತಿದ್ದರು, ಒಂದೇ ಹಗ್ಗದಲ್ಲಿ ನೀರು ಸೇದುತ್ತಿದ್ದರು. ಒಂದು ಮಧ್ಯಾಹ್ನ ಆ ಗೆಳತಿ ನಗುನಗುತ್ತಾ ಅಡುಗೆಮನೆಗೆ ಬಂದು ಒಲೆಗೆ ನೀರು ಸುರಿದಳು. ಇವಳು ನಿನಗೆ ಯಾರು ಎಂದು ಕೆಂಡದಜ್ಜಿ ಕೇಳಿದಾಗ, ಏನಾಯಿತೆಂದು ಇನ್ನೂ ಅರ್ಥವಾಗದ ಹುಡುಗಿ, ನನ್ನ ಗೆಳತಿ ಎಂದಳು. ಆ ಒಂದು ಮಾತಿಗೆ ಅವಳ ಅಪ್ಪ ಅವ್ವ ಬಯಲಿಗೆ ಇಳಿಯಬೇಕಾಯಿತು. ಅಪ್ಪ ಮೊದಲು ಬಿದ್ದ. ಅವ್ವ ಮಗಳಿಗೆ ನೆರಳಾಗಲಿ ಎಂದು ಸೆರಗು ಹಿಡಿದುಕೊಂಡೇ ನಡೆದು, ಇನ್ನೂ ದಡ ಕಾಣದಿರುವಾಗಲೇ ಬಿದ್ದಳು. ಒಬ್ಬಳೇ ದಡ ಮುಟ್ಟಿದ ಹುಡುಗಿಯನ್ನು ಆಚೆಯ ಊರಿನವರು ಸಾಕಿದರು. ಅವಳು ದೊಡ್ಡವಳಾಗಿ, ಎಷ್ಟೋ ಕಡೆಯ ಸಂಬಂಧಗಳನ್ನು ಬೇಡವೆಂದು ತಳ್ಳಿ, ಹುಟ್ಟಿದ ಊರಿನ ಮಗ್ಗದವನನ್ನು ಹುಡುಕಿ ಮದುವೆಯಾಗಿ ತಿರುಗಿ ಬಂದಳು. ನೀರು ಸುರಿದ ಗೆಳತಿ ಆಗ ಕುಂಬಾರನ ಹೆಂಡತಿಯಾಗಿ ಕೆರೆಯ ಹತ್ತಿರದ ಮನೆಯಲ್ಲಿದ್ದಳು. ಇಬ್ಬರೂ ಒಂದೇ ಕೆರೆಯಲ್ಲಿ ನೀರು ತುಂಬುತ್ತಿದ್ದರು. ಇವಳನ್ನು ಕಂಡರೆ ಕುಂಬಾರಗಿತ್ತಿ ತಲೆ ತಗ್ಗಿಸುತ್ತಿದ್ದಳು. ಇವಳು ಮಾತ್ರ ಕಣ್ಣು ತೆಗೆಯದೆ ನೋಡುತ್ತಿದ್ದಳು.

ಕುಂಬಾರಗಿತ್ತಿಗೂ ಮಗಳು ಹುಟ್ಟಿದಳೆಂದು ಕೇಳಿದ ದಿನ ಮಗ್ಗದವಳು ಹಬ್ಬದ ಅಡುಗೆ ಮಾಡಿದಳು. ಆ ಹುಡುಗಿಯ ಹೆಸರು ದ್ಯಾಮಿ.

ಮಾಳಿಗೆ ಹಾಲುಹಲ್ಲು ಬೀಳುವ ಕಾಲಕ್ಕೆ ಪಾಠ ಶುರುವಾಯಿತು. ಪಾಠಕ್ಕೆಂದು ಬೇರೆ ಹೊತ್ತಿರಲಿಲ್ಲ, ಉಣ್ಣುವಾಗ, ಬೀಸುವಾಗ, ತಲೆ ಬಾಚುವಾಗಲೇ ಪಾಠ. ತಾಯಿ ಸೆರಗು ಸಿಕ್ಕಿಸಿಕೊಂಡು ಮಗಳ ಎದುರು ಕೂತು, ಈಗ ನಾನು ದ್ಯಾಮಿ, ಎನ್ನುತ್ತಿದ್ದಳು. ಅಲ್ಲಿಂದ ಅವಳು ತಾಯಿಯಲ್ಲ.

ಮೊದಲು ರೊಟ್ಟಿ. ಒಂದೇ ರೊಟ್ಟಿ ಬೇಯಿಸಿ ಮಗಳ ಕೈಗೆ ಕೊಟ್ಟು ಮುರಿಯಲು ಹೇಳಿದಳು. ಮಾಳಿ ಮುರಿದು ದೊಡ್ಡ ತುಂಡನ್ನು ತನ್ನ ಕಡೆ ಎಳೆದುಕೊಂಡಳು. ದ್ಯಾಮಿಯಾಗಿದ್ದ ತಾಯಿ ಮಾತಾಡದೆ ಸಣ್ಣ ತುಂಡು ತಿಂದು, ಎದ್ದು ಹೋಗಿ ಸಂಜೆಯವರೆಗೂ ಮಗಳ ಕಡೆ ತಿರುಗಲಿಲ್ಲ. ಮಾಳಿ ಅತ್ತಳು. ಮರುದಿನ ತಾಯಿ ಹೇಳಿಕೊಟ್ಟಳು. ಮುರಿಯುವವಳು ಒಬ್ಬಳಾದರೆ ಆರಿಸುವವಳು ಇನ್ನೊಬ್ಬಳು. ಮುರಿದು, ಎರಡನ್ನೂ ಅಂಗೈಯಲ್ಲಿಟ್ಟು ಮುಂದೆ ಹಿಡಿಯಬೇಕು, ಅವಳು ಯಾವುದನ್ನು ತೆಗೆದುಕೊಂಡರೂ ಮುಖ ಬದಲಾಗಬಾರದು.

ಆಮೇಲೆ ಬೀಸುಕಲ್ಲು. ಒಂದೇ ಗೂಟಕ್ಕೆ ಇಬ್ಬರ ಕೈ. ಮಾಳಿ ಜೋರಾಗಿ ಎಳೆದರೆ ಹಿಟ್ಟು ತರಿತರಿ, ಸುಮ್ಮನೆ ಕೈಯಿಟ್ಟು ಕೂತರೆ ಕಲ್ಲು ಭಾರ. ಅವಳ ಕೈಗೆ ಎಷ್ಟು ಬಲವಿದೆ ಎನ್ನುವುದು ನಿನ್ನ ಕೈಗೆ ತಿಳಿಯಬೇಕು, ಅಷ್ಟೇ ಬಲ ನೀನು ಹಾಕಬೇಕು ಎಂದಳು ತಾಯಿ. ಎಷ್ಟೋ ಬೆಳಗುಗಳು ಹೀಗೆ ಬೀಸಿದ ಮೇಲೆ ಒಂದು ದಿನ ಕಲ್ಲು ತಾನೇ ತಿರುಗುತ್ತಿದೆಯೇನೋ ಎನ್ನುವಂತೆ ತಿರುಗಿತು. ಇಬ್ಬರೂ ನಕ್ಕರು. ತಾಯಿಗೆ ತನ್ನ ನಗು ತನಗೇ ಕೇಳಿಸಿತು. ಅವಳು ತಟ್ಟನೆ ಕೈ ಹಿಂದೆಗೆದುಕೊಂಡು, ಸಾಕು ಇವತ್ತಿಗೆ, ಎಂದು ಎದ್ದಳು.

ತಲೆ ಬಾಚುವಾಗ ಕೇಳಿಸಿಕೊಳ್ಳುವ ಪಾಠ. "ನನಗೆ ಹಲ್ಲು ನೋಯ್ತಿದೆ," ಅನ್ನುತ್ತಿದ್ದಳು ತಾಯಿ.

"ನನಗೂ ಮೊನ್ನೆ ನೋಯ್ತಿತ್ತು," ಅನ್ನುತ್ತಿದ್ದಳು ಮಾಳಿ.

ಬಾಚಣಿಗೆ ನಿಲ್ಲುತ್ತಿತ್ತು. "ಅದು ನಿನ್ನ ಹಲ್ಲಿನ ಮಾತಾಯ್ತು. ನನ್ನ ಹಲ್ಲನ್ನ ವಿಚಾರಿಸು."

ಚೌಕಾಬಾರದಲ್ಲಿ ಸೋತು ಮಾಳಿ ಕವಡೆಗಳನ್ನು ಎಸೆದರೆ, ತಾಯಿ ಬೈಯದೆ ಅವನ್ನು ಅವಳಿಂದಲೇ ಹೆಕ್ಕಿಸಿ, ಆಟವನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದಳು. ಮಾಳಿ ಕೆಸರುಗಾಲಲ್ಲಿ ಮಗ್ಗಕ್ಕೆ ಚಾಚಿದ್ದ ಹಾಸಿನ ನೂಲು ತುಳಿದು, ಬೆಕ್ಕು ತುಳಿಯಿತು ಎಂದು ಹೇಳಿದಾಗ, ಬೆಕ್ಕಿಗೆ ದ್ಯಾಮಿಯ ಗೆಳೆತನ ಬೇಕಿಲ್ಲ ಎಂದಳು ತಾಯಿ. ನಾನೇ ತುಳಿದೆ, ತೊಳೆದುಕೊಡಲಾ, ಎಂದು ಮಗಳು ತಾನಾಗಿಯೇ ಹೇಳುವವರೆಗೆ ಕೆಸರಿನ ನೂಲು ಮಗ್ಗದ ಮೇಲೆ ಹಾಗೇ ಇತ್ತು.

ಪ್ರತಿದಿನದ ಪಾಠ ಮುಗಿದ ಮೇಲೆ ತಾಯಿ ಬಾಗಿಲಲ್ಲಿ ನಿಂತು ಬಯಲನ್ನು ತೋರಿಸುತ್ತಿದ್ದಳು. ಅಜ್ಜ ಬಿದ್ದಿದ್ದು ಅಲ್ಲಿ, ಅಜ್ಜಿ ಬಿದ್ದಿದ್ದು ಅಲ್ಲಿ. ಮರೆಯಬೇಡ ಎನ್ನುತ್ತಿದ್ದಳು. ಮರೆಯುವುದಿಲ್ಲ ಎನ್ನುತ್ತಿದ್ದಳು ಮಗಳು.

ದ್ಯಾಮಿ ಮುಂಗೋಪಿ. ಅವಳೊಂದಿಗೆ ಆಡುವ ಮಕ್ಕಳು ಇರಲಿಲ್ಲ. ಕೆರೆಯ ಏರಿಯ ಮೇಲೆ ಒಬ್ಬಳೇ ಕೂತು, ತಾಯಿ ಮಾಡಿಕೊಟ್ಟ ಪುಟಾಣಿ ಗಡಿಗೆಗಳಲ್ಲಿ ಮಣ್ಣಿನ ಅಡುಗೆ ಮಾಡುತ್ತಿದ್ದಳು. ಅವಳ ಬಳಿ ಗಡಿಗೆಯಿತ್ತು, ಸೌಟಿತ್ತು, ಕಲ್ಲಿನ ಒಲೆಯಿತ್ತು. ಮಕ್ಕಳು ಬೆಂಕಿ ಮುಟ್ಟುವಂತಿಲ್ಲವಾದ್ದರಿಂದ ಒಲೆ ಮಾತ್ರ ಬರಿದಾಗಿತ್ತು. ಮಾಳಿ ದೂರದಿಂದ ಇದನ್ನು ಕಂಡು, ಮನೆಗೆ ಹೋಗಿ ಮಗ್ಗದ ಕೆಳಗೆ ಬಿದ್ದ ಕೆಂಪು ನೂಲಿನ ತುಂಡುಗಳನ್ನು ಮಡಿಲಲ್ಲಿ ತುಂಬಿಕೊಂಡು ಬಂದು, ಆ ಕಲ್ಲುಗಳ ನಡುವೆ ಇಟ್ಟಳು. ಗಾಳಿಗೆ ನೂಲು ಉರಿಯಂತೆ ಆಡಿತು. ದ್ಯಾಮಿ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಗಡಿಗೆಯೊಂದನ್ನು ಮಾಳಿಯ ಕಡೆ ಸರಿಸಿ, ಅನ್ನ ಉಕ್ಕುತ್ತಿದೆ ನೋಡಿಕೋ, ಎಂದಳು.

ಹೀಗೆ ಶುರುವಾಯಿತು. ಮಾಳಿಗೆ ಕಲಿತದ್ದೆಲ್ಲ ಕೈಗೆ ಬಂತು. ದ್ಯಾಮಿ ರೇಗಿದರೆ ಇವಳು ಕಾಯುತ್ತಿದ್ದಳು, ದ್ಯಾಮಿ ಹೇಳಿದ್ದನ್ನು ಮರುದಿನ ನೆನಪಿಟ್ಟು ವಿಚಾರಿಸುತ್ತಿದ್ದಳು. ಒಮ್ಮೆ ಅವಳ ಕೈಯಿಂದ ಒಂದು ಗಡಿಗೆ ಒಡೆಯಿತು. ದ್ಯಾಮಿ ಕೈಗೆ ಕಲ್ಲೆತ್ತಿಕೊಂಡಳು. ನಾನೇ ಒಡೆದೆ, ಈಗೇನು ಮಾಡಲಿ ಹೇಳು, ಎಂದಳು ಮಾಳಿ. ಅಂಥ ಮಾತನ್ನು ದ್ಯಾಮಿ ಯಾರ ಬಾಯಲ್ಲೂ ಕೇಳಿರಲಿಲ್ಲ. ಕಲ್ಲು ಹಿಡಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವಳೇ ಅಳಲು ಶುರು ಮಾಡಿದಳು. ಆ ದಿನದಿಂದ ಅವಳ ಸಿಟ್ಟು ಇಳಿಯುತ್ತ ಬಂತು. ಉಳಿದ ಮಕ್ಕಳೂ ಏರಿಯ ಮೇಲೆ ಬಂದು ಕೂರತೊಡಗಿದರು.

ಕುಂಬಾರಗಿತ್ತಿ ಚಕ್ರದ ಮುಂದೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಮಾಳಿ ರೊಟ್ಟಿ ಮುರಿದು ಎರಡು ತುಂಡನ್ನೂ ಅಂಗೈಯಲ್ಲಿ ಹಿಡಿದಾಗ ಅವಳಿಗೆ ಎಲ್ಲ ತಿಳಿಯಿತು. ಅವಳೂ ಹಾಗೇ ಹಿಡಿಯುತ್ತಿದ್ದಳು. ಅವಳ ತಾಯಿ ಅವಳಿಗೆ ಹಾಗೇ ಕಲಿಸಿದ್ದಳು. ಮಗಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಳ್ಳಬಹುದಿತ್ತು. ಊರಿನ ಎಷ್ಟೋ ತಾಯಂದಿರು ಹಾಗೆ ಮಾಡುತ್ತಿದ್ದರು, ಅವರ ಮಕ್ಕಳು ಕಿಟಕಿಯಲ್ಲೇ ಬೆಳೆಯುತ್ತಿದ್ದರು. ಅವಳು ಹಾಗೆ ಮಾಡಲಿಲ್ಲ. ಬಹುಕಾಲ ಮಾಳಿಯನ್ನು ಜಗಲಿ ದಾಟಿಸಲೂ ಇಲ್ಲ. ಒಂದು ದಿನ ಬಯಲಿನಿಂದ ಬಿಳಿ ದೂಳಿನ ಗಾಳಿ ಎದ್ದು ಮಕ್ಕಳಿಬ್ಬರೂ ಕಣ್ಣು ತೆರೆಯಲಾರದೆ ಜಗಲಿಯಲ್ಲಿ ತಬ್ಬಿಕೊಂಡು ಕೂತಾಗ, ಕುಂಬಾರಗಿತ್ತಿ ಚಕ್ರ ನಿಲ್ಲಿಸಿ, ಕೈ ತೊಳೆದು, ಒಳಗೆ ಬನ್ನಿ ಎಂದಳು. ಅಂದು ಮಾಳಿ ಆ ಮನೆಯ ಒಲೆಯ ಪಕ್ಕದಲ್ಲಿ ಕೂತು ಬಿಸಿ ಗಂಜಿ ಕುಡಿದಳು. ಮನೆಗೆ ಬಂದು ಅದನ್ನು ಹೇಳಲಿಲ್ಲ.

ಒಲೆ ನೋಡಿದೆಯಾ ಎಂದು ತಾಯಿ ದಿನಾ ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದಳು ಮಾಳಿ. ತಾಯಿ ಕಾಯುತ್ತಿದ್ದಳು, ಕಾಯುವುದು ಅವಳಿಗೆ ಅಭ್ಯಾಸವಾಗಿತ್ತು. ಮಳೆಗಾಲ ಬಂತು, ಹೋಯಿತು. ಮಾಳಿಯ ಲಂಗದ ಅಂಚು ಮೊಣಕಾಲಿಗೆ ಏರಿತು. ಒಂದು ಬೆಳಗ್ಗೆ ತಲೆ ಬಾಚುತ್ತಿದ್ದ ತಾಯಿ ಮಗಳ ಜಡೆಯನ್ನು ಮೂಗಿಗೆ ಹಿಡಿದು ಹಾಗೇ ಕೂತಳು.

"ನಿನ್ನ ಕೂದಲಲ್ಲಿ ಅವರ ಮನೆ ಹೊಗೆ ಇದೆ," ಎಂದಳು.

ತಾಯಿ ಬೈಯಲಿಲ್ಲ. ಜಡೆ ಹೆಣೆದು ಮುಗಿಸಿ, ಹೂವು ಮುಡಿಸಿ, ಬಿಂದಿಗೆಗೆ ನೀರು ತುಂಬಿ ಮಗಳ ಸೊಂಟಕ್ಕಿಟ್ಟಳು. ಏನು ಮಾಡಬೇಕೆಂದು ಹೇಳುವ ಅಗತ್ಯ ಇರಲಿಲ್ಲ. ಬಾಗಿಲಲ್ಲಿ ನಿಂತು, ನಗುನಗುತ್ತಾ ಹೋಗು, ಎಂದಳು.

ಮಾಳಿ ಹೋದಳು. ತಾಯಿ ಮಗ್ಗದ ಮುಂದೆ ಕೂತಳು, ನೇಯಲಾಗಲಿಲ್ಲ. ಕುಂಬಾರಗಿತ್ತಿ ಬಯಲಿಗೆ ಇಳಿಯುವುದನ್ನು ಅವಳು ಎಷ್ಟೋ ವರ್ಷದಿಂದ ಮನಸ್ಸಿನಲ್ಲಿ ಕಂಡಿದ್ದಳು. ಈಗ ಅದು ಇನ್ನೂ ಹತ್ತಿರ ಕಂಡಿತು. ಕುಂಬಾರಗಿತ್ತಿ ತಿರುಗಿ ತಿರುಗಿ ನೋಡುತ್ತಾಳೆ, ಅವಳ ಮಗಳು ದೂಳಿನಲ್ಲಿ ಎಡವುತ್ತಾಳೆ. ಎಡವಲಿ ಎಂದುಕೊಂಡಳು. ಸೆರಗಿನ ನೆರಳಲ್ಲಿ ನಡೆಯುವುದು ಎಂದರೇನೆಂದು ಅವಳಿಗೂ ಗೊತ್ತಾಗಲಿ.

ಹೊತ್ತು ನೆತ್ತಿಗೆ ಬರುವ ಮುಂಚೆ ಮಾಳಿ ತಿರುಗಿ ಬಂದಳು. ಬಿಂದಿಗೆ ತುಂಬಿಯೇ ಇತ್ತು. ಅವಳು ಅದನ್ನು ತಾಯಿಯ ಮುಂದೆ ಇಳಿಸಿದಳು.

"ನೀನು ಹೇಳಿಕೊಟ್ಟಿದ್ದೆಲ್ಲ ನನಗೆ ಬಂತು ಅವ್ವ. ಇದೊಂದು ಬರಲಿಲ್ಲ."

ತಾಯಿ ಮಗಳ ಮುಖ ನೋಡಲಿಲ್ಲ. ಅದೇ ಬಿಂದಿಗೆಯನ್ನು ಎತ್ತಿಕೊಂಡು ಅವಳೇ ಹೊರಟಳು. ದೊಡ್ಡವರ ಬಾಯಿಂದ ನಿಜ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕುಂಬಾರಗಿತ್ತಿ ಯಾರೂ ಅಲ್ಲ ಎಂದರೆ ಬಯಲಿಗೆ ಇಳಿಯುವವಳು ತಾನೇ ಎಂದೂ ಗೊತ್ತಿತ್ತು. ಇಳಿಯುವುದಾದರೆ ಇಳಿಯುತ್ತೇನೆ, ಆ ಒಲೆ ಒಂದು ಸಲ ಆರಿದ್ದನ್ನು ನೋಡಿ ಇಳಿಯುತ್ತೇನೆ ಎಂದುಕೊಂಡು ನಡೆದಳು. ಮಾಳಿ ಹಿಂದೆಯೇ ಓಡಿದಳು.

ಕುಂಬಾರಗಿತ್ತಿ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದಳು. ಗಂಡ ಮಣ್ಣು ತರಲು ಹೋಗಿದ್ದ. ಬಾಗಿಲಲ್ಲಿ ನೆರಳು ಬಿದ್ದಾಗ ತಲೆಯೆತ್ತಿ ನೋಡಿದಳು. ಈ ಸಲ ತಗ್ಗಿಸಲಿಲ್ಲ.

"ಮಗಳು ಬರ್ತಾಳೆ ಅಂದುಕೊಂಡಿದ್ದೆ," ಎಂದಳು.

"ಅವಳಿಗೆ ಆಗಲಿಲ್ಲ," ಎಂದಳು ಮಗ್ಗದವಳು.

"ನನಗೆ ಆಯ್ತು. ಅವತ್ತು ಮನೆಗೆ ಹೋದ ಮೇಲೆ ನಮ್ಮವ್ವ ಪಾಯಸ ಮಾಡಿದ್ದಳು. ನಾನು ತಿಂದೆ."

ಕುಂಬಾರಗಿತ್ತಿ ಹಂಚಿನ ಮೇಲಿದ್ದ ರೊಟ್ಟಿ ತೆಗೆದು ಪಕ್ಕಕ್ಕಿಟ್ಟಳು, ಹಂಚನ್ನೂ ಇಳಿಸಿದಳು, ಒಲೆಯ ಮುಂದಿನಿಂದ ಸರಿದು ಗೋಡೆಗೊರಗಿ ಕೂತಳು. ಮಗ್ಗದವಳು ನೀರು ಸುರಿದಳು. ಬೆಂಕಿ ಚುಯ್ ಎಂದಿತು, ಬೂದಿ ಮೇಲೆದ್ದು ಮನೆಯೆಲ್ಲ ತುಂಬಿತು. ಹಿತ್ತಲಿನಿಂದ ಓಡಿ ಬಂದ ದ್ಯಾಮಿ ಆರಿದ ಒಲೆಯನ್ನು ನೋಡಿದಳು, ಬರಿ ಬಿಂದಿಗೆ ನೋಡಿದಳು, ಬಾಗಿಲಲ್ಲಿ ನಿಂತಿದ್ದ ಮಾಳಿಯನ್ನು ನೋಡಿದಳು.

ಹೊಗೆ ಕಂಡು ಊರಿನವರು ಸೇರಿದರು. ಕೆಂಡದಜ್ಜಿ ಬಂದು ಒಲೆಯ ಮುಂದೆ ಕೂತಳು. ಬೂದಿಗೆ ಕೈಯಿಟ್ಟು ತಣ್ಣಗಾಗಿದೆಯೆಂದು ನೋಡಿದಳು. ಸುರಿದವಳು ದೊಡ್ಡವಳಾದ್ದರಿಂದ ಮನೆಯೊಡತಿಯನ್ನೇ ಕರೆದಳು.

"ಇವಳು ನಿನಗೆ ಯಾರು?"

ಯಾರೂ ಅಲ್ಲ ಎಂದು ಹೇಳವ್ವ ಎಂದು ದ್ಯಾಮಿ ತಾಯಿಯ ಸೆರಗು ಹಿಡಿದು ಬೇಡಿಕೊಂಡಳು. ಊರಿನವರೂ ಅದನ್ನೇ ಕಾಯುತ್ತಿದ್ದರು. ಇಬ್ಬರೂ ಒಬ್ಬರ ಜೊತೆ ಒಬ್ಬರು ಮಾತಾಡಿದ್ದನ್ನು ಕಂಡವರೇ ಇರಲಿಲ್ಲ.

"ಗೆಳತಿ," ಎಂದಳು ಕುಂಬಾರಗಿತ್ತಿ. "ಅವತ್ತು ಇವಳು ನಿಜ ಹೇಳಿದಳು ಅಜ್ಜಿ. ನಾನು ಹೇಳದಿದ್ದರೆ ಹೇಗೆ?"

ಕೆಂಡದಜ್ಜಿ ಎದ್ದು ದಾರಿ ಬಿಟ್ಟಳು. ಕುಂಬಾರನನ್ನು ಮಣ್ಣಿನ ಗುಂಡಿಯಿಂದ ಕರೆಸಿದರು. ಮೂವರೂ ಕೆರೆಯ ಏರಿ ದಾಟಿ, ಬೇಲಿ ದಾಟಿ, ಬಿಳಿ ಬಯಲಿಗೆ ಇಳಿದರು. ಕುಂಬಾರಗಿತ್ತಿ ತಿರುಗಿ ನೋಡಲಿಲ್ಲ. ದ್ಯಾಮಿ ಮಾತ್ರ ನೋಡಿದಳು. ಅವಳು ನೋಡಿದ್ದು ಮಾಳಿಯನ್ನು. ಆ ನೋಟ ಮಾಳಿಯ ಎದೆಯಲ್ಲಿ ಸಿಕ್ಕಿಕೊಂಡಿತು.

ಮಗ್ಗದವಳು ಮನೆಗೆ ಬಂದು ಕೈಕಾಲು ತೊಳೆದು ಹಬ್ಬದ ಅಡುಗೆಗೆ ಕೂತಳು. ಬೇಳೆ ಬೇಯಿಸಿದಳು, ಬೆಲ್ಲ ಕುಟ್ಟಿದಳು. ಎದೆ ಹಗುರಾಗುತ್ತದೆ ಎಂದು ಕಾಯುತ್ತಿದ್ದಳು. ಆ ಹೊತ್ತಿಗೆ ಮಾಳಿ ಒಳಗೆ ಬಂದಳು. ಮೂಲೆಯ ಹರವಿಯಿಂದ ನೀರು ಮೊಗೆದಳು. ತಾಯಿ ನೋಡನೋಡುತ್ತಿದ್ದಂತೆ ಪಾತ್ರೆಯನ್ನು ಒಲೆಯ ಮೇಲಿನಿಂದ ಇಳಿಸಿ, ಬೆಂಕಿಗೆ ನೀರು ಸುರಿದಳು. ಒಂದು ಸಲ ಸಾಲದೆ ಮತ್ತೆ ಮೊಗೆದು ಸುರಿದಳು. ಬೂದಿಯ ಅಡಿಯ ಕೊನೆಯ ಕೆಂಡವನ್ನೂ ಬೆರಳಿನಿಂದ ಹುಡುಕಿ ಆರಿಸಿದಳು.

ಅಂಥದ್ದು ಆ ಊರಿನಲ್ಲಿ ನಡೆದಿರಲಿಲ್ಲ. ಮಗಳು ತನ್ನ ಮನೆಯ ಒಲೆಯನ್ನೇ ಆರಿಸಿದರೆ ಏನು ಎಂದು ಯಾರಿಗೂ ತಿಳಿಯಲಿಲ್ಲ. ಕೆಂಡದಜ್ಜಿಯೇ ಬಂದು ಆ ಒಲೆಯ ಮುಂದೆ ಕೂತಳು.

ಯಾರ ಸೇಡು ಇದು ಎಂದು ಮೊದಲು ಮಾಳಿಯನ್ನು ಕೇಳಿದಳು. ನನ್ನದು ಎಂದಳು ಮಾಳಿ. ಆಮೇಲೆ ಅಜ್ಜಿ ತಾಯಿಯ ಕಡೆ ತಿರುಗಿದಳು.

"ಇವಳು ನಿನಗೆ ಯಾರು? ಮಗಳು ಅನ್ನೋದು ನನಗೆ ಗೊತ್ತು. ಅದನ್ನ ಕೇಳ್ತಿಲ್ಲ."

ಗೆಳತಿಯಲ್ಲ ಎಂದರೆ ಮಗಳೊಬ್ಬಳೇ ಬಯಲಿಗೆ ಇಳಿಯುತ್ತಾಳೆ, ತಾಯಿಗೆ ಹೊಸ ಕೆಂಡ ಸಿಗುತ್ತದೆ, ಮನೆ ಮಗ್ಗ ಎಲ್ಲ ಉಳಿಯುತ್ತದೆ. ಗೆಳತಿ ಎಂದರೆ ಏನೂ ಉಳಿಯುವುದಿಲ್ಲ. ಮಗಳು ಎದುರಿಗೇ ನಿಂತಿದ್ದಳು. ಅವಳ ಮುಖದಲ್ಲಿದ್ದ ಹಗೆಯನ್ನು ತಾಯಿ ಗುರುತು ಹಿಡಿದಳು. ಅದು ತನ್ನದೇ, ಇಷ್ಟು ವರ್ಷ ಕೆರೆಯ ನೀರಿನಲ್ಲಿ ತಾನು ಕಂಡ ಮುಖವೇ. ಆ ಮುಖದ ಹಿಂದೆ ಇನ್ನೊಬ್ಬಳಿದ್ದಳು. ತನ್ನ ಹಲ್ಲುನೋವು ಕೇಳಿದವಳು, ತನ್ನ ಕೈಯ ಬಲ ತಿಳಿದು ಕಲ್ಲು ತಿರುಗಿಸಿದವಳು, ತನ್ನೊಂದಿಗೆ ನಕ್ಕವಳು. ದ್ಯಾಮಿಯಾಗಿ ಕೂತ ಆ ಬೆಳಗುಗಳಲ್ಲಿ ಅವಳು ಬರೀ ಪಾಠ ಹೇಳುತ್ತಿದ್ದೇನೆ ಎಂದುಕೊಂಡಿದ್ದಳು.

"ಗೆಳತಿ," ಎಂದಳು ತಾಯಿ. "ಆ ಕುಂಬಾರಗಿತ್ತಿ ಆದ ಮೇಲೆ ನನಗೆ ಗೆಳತಿ ಅಂತ ಆಗಿದ್ದು ಇವಳೊಬ್ಬಳೇ."

ಮಾಳಿಯ ಮುಖ ಬದಲಾಗಲಿಲ್ಲ. ಅವಳು ಅಜ್ಜಿಗೆ ಕೈಮುಗಿದು ಹೊರಗೆ ನಡೆದಳು. ತಾಯಿ ಬೆಲ್ಲ ಅಂಟಿದ ಕೈಯಲ್ಲೇ ಹಿಂದೆ ಹೊರಟಳು.

ಬಯಲಿನಲ್ಲಿ ಮೂವರ ಹೆಜ್ಜೆಗುರುತು ಇನ್ನೂ ಅಳಿಸಿರಲಿಲ್ಲ. ಮಾಳಿ ಅದನ್ನು ಹಿಡಿದು ನಡೆದಳು. ಹಿಂದೆ ಬರಬೇಡ ಎಂದು ತಾಯಿಗೆ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ತಾಯಿ ಎಲ್ಲಿ ಹಿಂದೆ ಬಿದ್ದಳೆಂದು ತಿರುಗಿಯೂ ನೋಡಲಿಲ್ಲ. ಅಜ್ಜ ಬಿದ್ದ ಜಾಗ ದಾಟಿತು, ಅಜ್ಜಿ ಬಿದ್ದ ಜಾಗ ದಾಟಿತು. ತಾಯಿ ಎರಡು ಕಡೆಯೂ ನಿಲ್ಲದೆ ನಡೆದಳು, ನಿಂತರೆ ಮಗಳು ಕಣ್ಮರೆಯಾಗುತ್ತಿದ್ದಳು.

ಮರುದಿನ ಬಿಸಿಲೇರಿದಾಗ ಬಂಡೆಯೊಂದು ಸಿಕ್ಕಿತು. ಅದರ ಸಣ್ಣ ನೆರಳಲ್ಲಿ ಕುಂಬಾರ, ಕುಂಬಾರಗಿತ್ತಿ, ದ್ಯಾಮಿ ಒತ್ತೊತ್ತಾಗಿ ಕೂತಿದ್ದರು. ಮಾಳಿ ಅವರ ಮುಂದೆ ನಿಂತು, ನಮ್ಮ ಒಲೆಯನ್ನೂ ಆರಿಸಿ ಬಂದೆ, ಎಂದಳು. ಯಾರು ಆರಿಸಿದ್ದು ಎಂದು ದ್ಯಾಮಿ ಕೇಳಿದಳು. ನಾನು ಎಂದಳು ಮಾಳಿ. ದ್ಯಾಮಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೊಣಕಾಲು ಮಡಿಸಿ ಒಬ್ಬರು ಕೂರುವಷ್ಟು ಜಾಗ ಮಾಡಿದಳು. ಮಾಳಿ ಕೂತಳು.

ಆಮೇಲೆ ತಾಯಿ ಬಂದಳು. ನೆರಳಿನಲ್ಲಿ ಜಾಗ ಉಳಿದಿರಲಿಲ್ಲ. ಇನ್ನಷ್ಟು ಒತ್ತಿ ಕೂತರೆ ಇನ್ನೊಬ್ಬರಿಗೆ ಆಗುತ್ತಿತ್ತು. ಅವಳು ಬಂಡೆಯ ಆಚೆ, ಬಿಸಿಲಿನಲ್ಲಿ ನಿಂತಳು. ಕುಂಬಾರಗಿತ್ತಿ ಅವಳನ್ನು ನೋಡಿದಳು, ಆಮೇಲೆ ಮಕ್ಕಳ ಮುಖ ನೋಡಿದಳು. ಕರೆಯುವ ಹಕ್ಕು ಈಗ ತನ್ನದಲ್ಲ, ಮಕ್ಕಳದು ಎಂದು ಅವಳಿಗೆ ಅನಿಸಿತು. ದ್ಯಾಮಿ ಮಾಳಿಯ ಕಡೆ ತಿರುಗಿದಳು. ಮಾಳಿ ಬಯಲಿನತ್ತ ನೋಡುತ್ತಿದ್ದಳು.

ಜಾಗ ಕೊಡಿ ಎಂದು ತಾಯಿ ಕೇಳಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹೊತ್ತು ಇಳಿಯುವವರೆಗೂ ಅಲ್ಲೇ ನಿಂತಿದ್ದಳು.